ಆಟದ ಮೇಷ್ಟ್ರಿಗೆ ಒಂದು ಕುರ್ಚಿ: ಕಾಲೇಜು ಆಡಳಿತ ಮಂಡಳಿಗಳಿಗೆ ಬಹಿರಂಗ ಪತ್ರ

ರಾಜ್ಯದ ಕಾಲೇಜುಗಳ ಆಡಳಿತ ಮಂಡಳಿಯ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಪ್ರಾಂಶುಪಾಲರಿಗೆ ನಮಸ್ಕಾರ.

ಕಳೆದ ತಿಂಗಳು ಪತ್ರಿಕೆಯಲ್ಲಿ ಒಂದು ಜಾಹೀರಾತು ನೋಡಿದೆ. ಒಂದು ಕಾಲೇಜಿಗೆ ದೈಹಿಕ ಶಿಕ್ಷಣ ಬೋಧಕರು ಬೇಕಂತೆ. ಅವಧಿ ಹತ್ತು ತಿಂಗಳು. ವಿಶ್ವವಿದ್ಯಾಲಯ ಮಟ್ಟದಲ್ಲಿ ಪದಕ ತಂದುಕೊಟ್ಟರೆ ಮುಂದುವರಿಸುವ ಬಗ್ಗೆ ಯೋಚಿಸುತ್ತಾರಂತೆ. ಕಾಲೇಜಿನ ಹೆಸರು ಇಲ್ಲಿ ಬೇಡ. ಅದೊಂದೇ ಕಾಲೇಜಿನ ಕಥೆಯಾಗಿದ್ದರೆ ನಾನು ಈ ಪತ್ರ ಬರೆಯುತ್ತಲೂ ಇರಲಿಲ್ಲ.

ನಾನು 31 ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು. ಕೆಲಸಕ್ಕೆ ಸೇರಿದ ದಿನ ಸ್ಟಾಫ್ ರೂಮಿಗೆ ಹೋದೆ. ಎಲ್ಲರಿಗೂ ಒಂದೊಂದು ಕುರ್ಚಿ, ಒಂದೊಂದು ಮೇಜಿನ ಖಾನೆ ಇತ್ತು. ನನಗೆ ಇರಲಿಲ್ಲ. 'ನಿಮಗೆ ಸ್ಪೋರ್ಟ್ಸ್ ರೂಮ್ ಇದೆಯಲ್ಲ ಸಾರ್' ಅಂದರು. ಆ ರೂಮಿನಲ್ಲಿ ಗಾಳಿ ಹೋದ ವಾಲಿಬಾಲ್‌ಗಳು, ಒಂದು ಪಂಪು, ಟ್ರ್ಯಾಕಿಗೆ ಗೆರೆ ಹಾಕುವ ಸುಣ್ಣದ ಚೀಲ. ಆ ಚೀಲದ ಮೇಲೆ ಕೂತೇ ಮೊದಲ ವರ್ಷ ಕಳೆದೆ. ಪರೀಕ್ಷೆ ಹತ್ತಿರ ಬಂದರೆ ನನ್ನ ಪೀರಿಯಡ್ ಗಣಿತಕ್ಕೆ ಹೋಗುತ್ತಿತ್ತು. ಆಗಸ್ಟ್ 15 ಹತ್ತಿರ ಬಂದರೆ ಮಾತ್ರ ಎಲ್ಲರಿಗೂ ನನ್ನ ನೆನಪು.

ಇರಲಿ, ನನ್ನ ಗೋಳು ಹೇಳಿಕೊಳ್ಳಲು ಬರೆಯುತ್ತಿಲ್ಲ. ಒಬ್ಬ ಮೇಷ್ಟ್ರ ಕಥೆ ಹೇಳಬೇಕಿದೆ. ನಮ್ಮವರಲ್ಲ, ಅಮೆರಿಕದವರು. ಆದರೆ ನಮಗೆ ದೂರದವರೇನೂ ಅಲ್ಲ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಅವರ ಹೆಸರು ಏಮಸ್ ಅಲೊಂಜೊ ಸ್ಟ್ಯಾಗ್. ಹುಟ್ಟಿದ್ದು 1862ರಲ್ಲಿ, ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನಲ್ಲಿ. ಅಪ್ಪ ಚಪ್ಪಲಿ, ಬೂಟು ಹೊಲಿಯುವವರು. ಎಂಟು ಮಕ್ಕಳ ಮನೆ, ಇವರು ಐದನೆಯವರು. ಪಾದ್ರಿಯಾಗಬೇಕು ಎಂಬ ಆಸೆ ಹೊತ್ತು ಯೇಲ್ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ ಬೇಸ್‌ಬಾಲ್ ತಂಡದಲ್ಲಿ ಚೆಂಡೆಸೆಯುವ ಪಿಚರ್ ಆದರು. ಪ್ರಿನ್ಸ್‌ಟನ್ ಮೇಲಿನ ಒಂದು ಪಂದ್ಯದಲ್ಲಿ 20 ಸಲ ಬ್ಯಾಟ್ ಹಿಡಿದವರನ್ನು ಚೆಂಡು ಮುಟ್ಟಲಾಗದಂತೆ ಔಟ್ ಮಾಡಿ ಕಳಿಸಿದರು. ವೃತ್ತಿಪರ ತಂಡಗಳು ದುಡ್ಡಿನ ಆಸೆ ತೋರಿಸಿ ಕರೆದವು. ಹೋಗಲಿಲ್ಲ. ದುಡ್ಡಿಗಾಗಿ ಆಡುವುದು ಸರಿಯಲ್ಲ ಎಂಬುದು ಅವರ ಹಟ. ಬಡವರ ಮನೆ ಹುಡುಗ ಹಾಗೆ ಹೇಳುವುದು ಸುಲಭ ಅಲ್ಲ, ಅಲ್ವಾ?

ಅದೇ ಹುಡುಗ ಫುಟ್‌ಬಾಲೂ ಆಡಿದರು. ಅಮೆರಿಕದ ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವುದು, ಎದುರಿನವರು ಮೇಲೆ ಬಿದ್ದು ನೆಲಕ್ಕೆ ಕೆಡವುವುದು. ಕಬಡ್ಡಿಯಲ್ಲಿ ರೈಡರ್‌ನ ಕಾಲಿಗೆ ಬೀಳುವುದನ್ನು ನೋಡಿದವರಿಗೆ ಅರ್ಧ ಆಟ ಅರ್ಥವಾದ ಹಾಗೆ. ಇಡೀ ದೇಶದ ಕಾಲೇಜು ಆಟಗಾರರಲ್ಲಿ ಅತ್ಯುತ್ತಮರನ್ನು ಆರಿಸಿ ಪಟ್ಟಿ ಮಾಡುವ ಪದ್ಧತಿ 1889ರಲ್ಲಿ ಶುರುವಾಯಿತು. ಆ ಮೊದಲ ಪಟ್ಟಿಯ ಹನ್ನೊಂದು ಜನರಲ್ಲಿ ಸ್ಟ್ಯಾಗ್ ಒಬ್ಬರು.

ಪಾದ್ರಿ ಆಗಲಿಲ್ಲ. ಜನರ ಮುಂದೆ ನಿಂತು ಮಾತಾಡುವುದು ಅವರಿಗೆ ಕೈಹಿಡಿಯಲಿಲ್ಲ. ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘ ನಡೆಸುತ್ತಿದ್ದ ತರಬೇತಿ ಶಾಲೆಗೆ ಬಂದರು. ಅಲ್ಲಿ ಜೊತೆಗಿದ್ದವರು ಜೇಮ್ಸ್ ನೈಸ್ಮಿತ್. 1891ರ ಡಿಸೆಂಬರ್‌ನಲ್ಲಿ, ಚಳಿಗೆ ಹೊರಗೆ ಆಡಲಾಗದ ಹುಡುಗರಿಗಾಗಿ, ಹಣ್ಣಿನ ಬುಟ್ಟಿ ಕಟ್ಟಿ ಬಾಸ್ಕೆಟ್‌ಬಾಲ್ ಹುಟ್ಟುಹಾಕಿದವರು ಅವರೇ. ಮುಂದಿನ ಮಾರ್ಚ್‌ನಲ್ಲಿ ಜನರೆದುರು ಮೇಷ್ಟ್ರುಗಳಿಗೂ ಹುಡುಗರಿಗೂ ಒಂದು ಪಂದ್ಯ ನಡೆಯಿತು. ಹುಡುಗರು 5–1ರಿಂದ ಗೆದ್ದರು. ಮೇಷ್ಟ್ರ ತಂಡಕ್ಕೆ ಬಂದ ಆ ಒಂದೇ ಒಂದು ಬುಟ್ಟಿ ಸ್ಟ್ಯಾಗ್ ಅವರದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಆಗ ಶಿಕಾಗೊದಲ್ಲಿ ಎಣ್ಣೆ ವ್ಯಾಪಾರದ ಸಾಹುಕಾರ ರಾಕ್‌ಫೆಲರ್ ದುಡ್ಡಿನಿಂದ ಹೊಸ ವಿಶ್ವವಿದ್ಯಾಲಯ ಏಳುತ್ತಿತ್ತು. ಅದರ ಮೊದಲ ಅಧ್ಯಕ್ಷರು ವಿಲಿಯಂ ರೇನಿ ಹಾರ್ಪರ್. ಹೀಬ್ರೂ ಭಾಷೆಯ ದೊಡ್ಡ ಪಂಡಿತರು. ಯೇಲ್‌ನಲ್ಲಿ ಸ್ಟ್ಯಾಗ್‌ಗೆ ಪಾಠ ಮಾಡಿದ್ದವರು. ತಮ್ಮ ಹಳೆಯ ಶಿಷ್ಯನನ್ನು ಕರೆಸಿ, ನಮ್ಮಲ್ಲಿ ಕ್ರೀಡಾ ವಿಭಾಗ ನೋಡಿಕೋ, ವರ್ಷಕ್ಕೆ 1,500 ಡಾಲರ್ ಕೊಡುತ್ತೇನೆ ಅಂದರು. ಸ್ಟ್ಯಾಗ್ ಸುಮ್ಮನಿದ್ದರು. ಹಾರ್ಪರ್ 2,000ಕ್ಕೆ ಏರಿಸಿದರು. ಆಗಲೂ ಮಾತಿಲ್ಲ. ಕೊನೆಗೆ 2,500 ಡಾಲರ್, ಜೊತೆಗೆ ಅಸೋಸಿಯೇಟ್ ಪ್ರೊಫೆಸರ್ ಹುದ್ದೆ, ಅಂದರೆ ಜೀವಮಾನದ ಕೆಲಸ ಅಂದರು. ಸ್ಟ್ಯಾಗ್ ಚೌಕಾಸಿ ಮಾಡುತ್ತಿರಲಿಲ್ಲವಂತೆ. ಕೇಳಿದ್ದನ್ನು ತಲೆಯಲ್ಲಿ ತಿರುಗಿಸುತ್ತಾ ಕೂತಿದ್ದರು, ಅಷ್ಟೇ. ಮಾತು ಬಾರದ್ದಕ್ಕೆ ಪಾದ್ರಿ ಕೆಲಸ ತಪ್ಪಿತ್ತು. ಅದೇ ಮಾತು ಬಾರದ್ದಕ್ಕೆ ಇಲ್ಲಿ ಸಂಬಳ ಏರಿತು!

ಸಂಬಳ ಪಕ್ಕಕ್ಕಿಡಿ. ಆ ಹುದ್ದೆಯ ಹೆಸರು ನೋಡಿ. ಆಗ ಅಮೆರಿಕದ ಕಾಲೇಜುಗಳಲ್ಲಿ ಕೋಚ್ ಅಂದರೆ ಋತುವಿಗೊಮ್ಮೆ ಬಂದು ಹೋಗುವ ಹಳೆಯ ಆಟಗಾರ, ಇಲ್ಲವೇ ತಂಡದ ನಾಯಕನೇ. ಗೆದ್ದರೆ ಹಾರ, ಸೋತರೆ ರೈಲು. ಅಂಥ ಕಾಲದಲ್ಲಿ ಒಬ್ಬ ಹೀಬ್ರೂ ಪಂಡಿತರು ಆಟ ಕಲಿಸುವವನನ್ನು ಲ್ಯಾಟಿನ್, ರಸಾಯನಶಾಸ್ತ್ರ ಕಲಿಸುವವರ ಸಾಲಿನಲ್ಲಿ ಕೂರಿಸಿದರು.

1892ರ ಅಕ್ಟೋಬರ್ 1ರಂದು ವಿಶ್ವವಿದ್ಯಾಲಯದ ಬಾಗಿಲು ತೆರೆಯಿತು. ಅದೇ ದಿನ ಸ್ಟ್ಯಾಗ್ ಫುಟ್‌ಬಾಲ್ ಅಭ್ಯಾಸಕ್ಕೆ ಕರೆದರು. ಬಂದವರು 13 ಜನ. ಆ ಋತುವಿನಲ್ಲಿ ಆಳು ಸಾಲದೆ ಕೋಚ್ ಕೂಡ ಅಂಗಿ ಹಾಕಿಕೊಂಡು ಮೈದಾನಕ್ಕಿಳಿದು ಆಡಿದರು. ನಮ್ಮ ತಾಲ್ಲೂಕು ಮಟ್ಟದ ಪಂದ್ಯಗಳಲ್ಲಿ ಪಿ.ಟಿ. ಮೇಷ್ಟ್ರು ಹನ್ನೊಂದನೆಯವರಾಗಿ ಇಳಿದದ್ದನ್ನು ನಾನು ನೋಡಿದ್ದೇನೆ. ನಾನೇ ಇಳಿದಿದ್ದೇನೆ, ಈಗ ಹೇಳಿದರೆ ಏನೂ ತೊಂದರೆಯಿಲ್ಲ.

ಅಲ್ಲಿಂದ 41 ಋತು ಒಂದೇ ಕಡೆ. ಫುಟ್‌ಬಾಲ್ ಜೊತೆಗೆ ಟ್ರ್ಯಾಕ್ ನೋಡಿಕೊಂಡರು. 1893ರಿಂದ 1913ರವರೆಗೆ, ನಡುವೆ ಒಂದು ವರ್ಷ ಬಿಟ್ಟು, ಬೇಸ್‌ಬಾಲ್ ತಂಡವೂ ಅವರದೇ ಕೈಯಲ್ಲಿ. ಇವತ್ತು ಕ್ರಿಕೆಟ್ ಅಕಾಡೆಮಿಗಳಲ್ಲಿ ಬಲೆ ಕಟ್ಟಿ ಬ್ಯಾಟಿಂಗ್ ಅಭ್ಯಾಸ ಮಾಡಿಸುತ್ತೇವಲ್ಲ, ಬೇಸ್‌ಬಾಲ್‌ನಲ್ಲಿ ಅಂಥ ಬಲೆಯ ಪಂಜರ ತಂದವರು ಇವರೇ ಎನ್ನುತ್ತಾರೆ. ಯೇಲ್‌ನಲ್ಲಿದ್ದಾಗ ಹಳೆಯ ಹಾಸಿಗೆಯನ್ನು ಸುತ್ತಿ ನೇತುಹಾಕಿ, ಅದರ ಮೇಲೆ ಬಿದ್ದು ಟ್ಯಾಕಲ್, ಅಂದರೆ ಎದುರಾಳಿಯನ್ನು ಹಿಡಿದು ಕೆಡವುವುದು, ಕಲಿಯಿರಿ ಅಂದವರೂ ಇವರೇ. ಹುಡುಗನ ಮೇಲೆ ಹುಡುಗ ಬಿದ್ದು ಮೂಳೆ ಮುರಿದುಕೊಳ್ಳುವ ಬದಲು ಹಾಸಿಗೆ ಏಟು ತಿಂದರೆ ತಪ್ಪೇನು? ಬಜೆಟ್ ಇಲ್ಲದ ಮೇಷ್ಟ್ರ ತಲೆ ಹಾಗೇ ಓಡುವುದು.

1910ರಲ್ಲಿ ಶಿಕಾಗೊ ಬೇಸ್‌ಬಾಲ್ ತಂಡ ಜಪಾನಿಗೆ ಹೋಯಿತು. ಕರೆದದ್ದು ಟೋಕಿಯೊದ ವಾಸೆಡಾ ವಿಶ್ವವಿದ್ಯಾಲಯ. ಅದಾದ ಮೇಲೆ ಎರಡು ಕಾಲೇಜುಗಳ ನಡುವೆ ಹೋಗಿಬರುವ ನಂಟು ವರ್ಷಗಟ್ಟಲೆ ನಡೆಯಿತು. ವಿಮಾನ ಇಲ್ಲದ ಕಾಲ. ಹಡಗಿನಲ್ಲಿ ವಾರಗಟ್ಟಲೆ ಹೋಗಿ, ಓದುವ ಹುಡುಗರು ಚೆಂಡು ಬ್ಯಾಟು ಹಿಡಿದು ಇನ್ನೊಂದು ದೇಶ ನೋಡಿ ಬಂದರು. ನಮ್ಮಲ್ಲಿ ಪಕ್ಕದ ಜಿಲ್ಲೆಗೆ ತಂಡ ಕರೆದುಕೊಂಡು ಹೋಗಲು ನಾನು ಟಿ.ಎ. ಬಿಲ್ಲಿಗೆ ಮೂರು ಸಹಿ ಹಾಕಿಸಬೇಕಿತ್ತು.

ಸ್ಟ್ಯಾಗ್ ತುಂಬ ಶಿಸ್ತಿನ ಮನುಷ್ಯ. ಕುಡಿತ ಇಲ್ಲ, ಸಿಗರೇಟು ಇಲ್ಲ, ಕೆಟ್ಟ ಮಾತಿಲ್ಲ. ತೀರಾ ಸಿಟ್ಟು ಬಂದರೆ ಹುಡುಗನಿಗೆ ಕತ್ತೆ ಅನ್ನುತ್ತಿದ್ದರು. ಇನ್ನೂ ಜಾಸ್ತಿ ಸಿಟ್ಟು ಬಂದರೆ ಡಬಲ್ ಕತ್ತೆ. ಇದನ್ನು ಓದಿದಾಗ ನನಗೆ ಇವರು ನಮ್ಮ ಹಾಸನದ ಕಡೆಯ ಮೇಷ್ಟ್ರೇ ಅನ್ನಿಸಿಬಿಟ್ಟಿತು. ಹೆಂಡತಿ ಸ್ಟೆಲ್ಲಾ ಪಂದ್ಯದ ವಿವರಗಳನ್ನು ಬರೆದಿಡುತ್ತಿದ್ದರು, ಎದುರಾಳಿ ತಂಡದ ಆಟ ನೋಡಿ ಟಿಪ್ಪಣಿ ಮಾಡಿಕೊಡುತ್ತಿದ್ದರು. ಅವರಿಗೆ ಯಾವ ಹುದ್ದೆಯೂ ಇರಲಿಲ್ಲ.

1905ರ ಪಂದ್ಯದ ಬಗ್ಗೆ ಹೇಳಲೇಬೇಕು. ಎದುರಿಗೆ ಮಿಷಿಗನ್. ಸತತ 56 ಪಂದ್ಯ ಸೋಲು ಕಾಣದ ತಂಡ. ಆ ವರ್ಷ ಅಲ್ಲಿಯವರೆಗೆ 495 ಪಾಯಿಂಟ್ ಗಳಿಸಿತ್ತು, ಎದುರಿನವರಿಗೆ ಒಂದೇ ಒಂದು ಪಾಯಿಂಟ್ ಬಿಟ್ಟುಕೊಟ್ಟಿರಲಿಲ್ಲ. ನವೆಂಬರ್ ಕೊನೆಯ ಗುರುವಾರ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, 25 ಸಾವಿರಕ್ಕೂ ಜಾಸ್ತಿ ಜನ ಸೇರಿದ್ದರು. ಶಿಕಾಗೊದ ವಾಲ್ಟರ್ ಎಕರ್ಸಾಲ್ ಒದ್ದ ಚೆಂಡನ್ನು ಮಿಷಿಗನ್‌ನ ಡೆನ್ನಿ ಕ್ಲಾರ್ಕ್ ತನ್ನದೇ ಗೋಲು ಗೆರೆಯ ಹಿಂದೆ ಹಿಡಿದು ಮುಂದೆ ಓಡಿದ. ಶಿಕಾಗೊ ಹುಡುಗರು ಅವನನ್ನು ಹಿಂದಕ್ಕೆ ದಬ್ಬಿ ಗೆರೆಯಾಚೆ ಕೆಡವಿದರು. ಅದಕ್ಕೆ ಎರಡು ಪಾಯಿಂಟ್. ಪಂದ್ಯ ಮುಗಿದಾಗ 2–0. ಶಿಕಾಗೊ ಊರಿಗೆ ಊರೇ ಕುಣಿಯಿತು. ಕ್ಲಾರ್ಕ್ ಎಂಬ ಹುಡುಗನಿಗೆ ಮಾತ್ರ ಆ ಎರಡು ಪಾಯಿಂಟು ಬದುಕಿಡೀ ಅಂಟಿಕೊಂಡಿತು. ಹಾರ್ಪರ್ ಅವರು ಆಗ ಕ್ಯಾನ್ಸರ್‌ನಿಂದ ಮಲಗಿದ್ದರು. ಮುಂದಿನ ಜನವರಿ 10ರಂದು ತೀರಿಕೊಂಡರು.

ಇಲ್ಲಿಯವರೆಗೆ ಓದಿದ ನಿಮ್ಮಲ್ಲಿ ಕೆಲವರು, 'ನೋಡಿ, ನಮಗೂ ಇಂಥ ಕೋಚ್ ಬೇಕು, ಇಂಥ ಹೆಸರು ಬೇಕು' ಅಂದುಕೊಳ್ಳುತ್ತಿರಬಹುದು. ಸ್ವಲ್ಪ ತಡೆಯಿರಿ.

ಹಾರ್ಪರ್ ಕೊಟ್ಟದ್ದು ಕುರ್ಚಿ ಮಾತ್ರ ಅಲ್ಲ. ಸ್ಟ್ಯಾಗ್ ಅವರ ವಿಭಾಗ ಬೇರೆ ವಿಭಾಗಗಳ ಹಾಗೆ ಅಧ್ಯಾಪಕರ ಸಮಿತಿಗಳಿಗೆ ಉತ್ತರ ಕೊಡಬೇಕಿರಲಿಲ್ಲ. ನೇರ ಅಧ್ಯಕ್ಷರ ಜೊತೆ ವ್ಯವಹಾರ. ಟಿಕೆಟ್ ದುಡ್ಡು ಬರುತ್ತಿದ್ದ ಹಾಗೆ ಮೈದಾನ ದೊಡ್ಡದಾಯಿತು, ಮೈದಾನದ ಹಸಿವೂ ದೊಡ್ಡದಾಯಿತು. ದುಡ್ಡಿಗಾಗಿ ಆಡುವುದಿಲ್ಲ ಎಂದು ಹಟ ಹಿಡಿದಿದ್ದ ಹುಡುಗ ದುಡ್ಡು ತರುವ ಆಟದ ದೊಡ್ಡ ಯಂತ್ರವನ್ನೇ ಕಟ್ಟಿದರು. ಆ ಎಕರ್ಸಾಲ್ ಇದ್ದನಲ್ಲ, ಆ ಕಾಲದ ಅತಿ ದೊಡ್ಡ ಆಟಗಾರ, ಅವನು ಡಿಗ್ರಿ ಇಲ್ಲದೆಯೇ ಕಾಲೇಜು ಬಿಟ್ಟ. ಆಮೇಲೆ ಪತ್ರಿಕೆಯಲ್ಲಿ ಕ್ರೀಡಾ ವರದಿ ಬರೆದು ಬದುಕಿದ, ಅದು ಬೇರೆ ಮಾತು. ಪ್ರೊಫೆಸರ್ ಸ್ಟ್ಯಾಗ್ ಅವರ ಅತ್ಯುತ್ತಮ ಶಿಷ್ಯ ಪದವೀಧರನಾಗಲಿಲ್ಲ ಎಂಬುದು ನನ್ನನ್ನು ಚುಚ್ಚುತ್ತದೆ. ನನ್ನ ಶಿಷ್ಯರಲ್ಲೂ ಅಂಥ ಇಬ್ಬರಿದ್ದಾರೆ. ಇಬ್ಬರೂ ರಾಜ್ಯ ಮಟ್ಟಕ್ಕೆ ಆಡಿದವರು. ಹಾಜರಾತಿ ತುಂಬಿಸಿಕೊಟ್ಟವನು ನಾನೇ.

ಅದೇ 1905ರಲ್ಲಿ ದೇಶದಾದ್ಯಂತ ಫುಟ್‌ಬಾಲ್ ಮೈದಾನದಲ್ಲಿ ಹುಡುಗರು ಸತ್ತರು. ಗದ್ದಲ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ತನಕ ಹೋಯಿತು. ನಿಯಮ ಬದಲಾದವು. 1906ರಿಂದ ಚೆಂಡನ್ನು ಮುಂದಕ್ಕೆ ಎಸೆಯಬಹುದು ಎಂದಾಯಿತು. ಎಲ್ಲರೂ ಒಂದೇ ಕಡೆ ಗುಂಪುಗಟ್ಟಿ ಗುದ್ದಾಡುವುದು ಕಡಿಮೆಯಾಗಿ ಆಟ ಮೈದಾನದ ತುಂಬ ಹರಡಿಕೊಂಡಿತು. ಆ ನಿಯಮ ಸಮಿತಿಯಲ್ಲಿ ಸ್ಟ್ಯಾಗ್ ಇದ್ದರು, ಹೊಸ ಆಟವನ್ನು ಬೇಗ ಕಲಿತು ಕಲಿಸಿದವರಲ್ಲೂ ಇದ್ದರು.

ನಿಮಗೆ ಮುಖ್ಯವಾದದ್ದು ಆ ವರ್ಷದ ಇನ್ನೊಂದು ತೀರ್ಮಾನ. ಶಿಕಾಗೊ, ಮಿಷಿಗನ್, ಇಲಿನಾಯ್ ಮುಂತಾದ ವಿಶ್ವವಿದ್ಯಾಲಯಗಳದ್ದು ಒಂದು ಒಕ್ಕೂಟ ಇತ್ತು. ಈಗ ಅದನ್ನು ಬಿಗ್ ಟೆನ್ ಅನ್ನುತ್ತಾರೆ. ಅವರ ಅಧ್ಯಾಪಕರು ಸೇರಿ ಋತುವಿಗೆ ಐದೇ ಪಂದ್ಯ ಎಂದರು. ಒಬ್ಬ ಹುಡುಗ ಮೂರೇ ವರ್ಷ ಆಡಬಹುದು ಎಂದರು. ಕೋಚ್‌ನನ್ನು ಋತುವಿನ ಕೂಲಿಗೆ ತರುವುದು ಬೇಡ, ಉಳಿದ ಅಧ್ಯಾಪಕರ ಹಾಗೆ ವಿಶ್ವವಿದ್ಯಾಲಯವೇ ನೇಮಿಸಲಿ, ಸಂಬಳವೂ ಅತಿಯಾಗದಿರಲಿ ಎಂದರು. ಅಂದರೆ ಹಾರ್ಪರ್ 1892ರಲ್ಲಿ ಒಬ್ಬರಿಗೆ ಕೊಟ್ಟದ್ದನ್ನು ಇವರು ಎಲ್ಲರಿಗೂ ನಿಯಮ ಮಾಡಿದರು. ಜೊತೆಗೆ ಹಾರ್ಪರ್ ಹಾಕದ ಲಗಾಮನ್ನೂ ಹಾಕಿದರು. ಮಿಷಿಗನ್‌ಗೆ ಇದು ಒಗ್ಗಲಿಲ್ಲ, ಸ್ವಲ್ಪ ದಿನಕ್ಕೆ ಒಕ್ಕೂಟ ಬಿಟ್ಟೇ ಹೋಯಿತು. ಆಮೇಲೆ ವಾಪಸ್ಸೂ ಬಂತು.

ನನಗೆ ಬೇಕಾದದ್ದು ಈ ಎರಡೂ ಒಟ್ಟಿಗೆ. ಕುರ್ಚಿಯೂ ಬೇಕು, ಲೆಕ್ಕವೂ ಬೇಕು. ನಮ್ಮಲ್ಲಿ ಎರಡೂ ಇಲ್ಲ. ಮೇಷ್ಟ್ರಿಗೆ ಭದ್ರತೆ ಇಲ್ಲ, ಆದ್ದರಿಂದ ಪದಕಕ್ಕಾಗಿ ಏನು ಬೇಕಾದರೂ ಮಾಡುತ್ತಾನೆ. ಓದದ ಹುಡುಗನಿಗೆ ಸೀಟು ಕೊಡಿಸುತ್ತಾನೆ, ಮೊಣಕಾಲು ಊದಿದವನನ್ನು ಸ್ಪ್ರೇ ಹೊಡೆದು ಓಡಿಸುತ್ತಾನೆ. ಪದಕ ಬಂದಾಗ ನೀವು ಹಾಜರಾತಿ ಪುಸ್ತಕ ತೆರೆದು ನೋಡುವುದಿಲ್ಲ. ಫೋಟೊಗೆ ಮಾತ್ರ ನಿಲ್ಲುತ್ತೀರಿ.

ಸ್ಟ್ಯಾಗ್ ಅವರ ಮುಂದಿನ ಕಥೆ ಬೇಗ ಹೇಳಿಬಿಡುತ್ತೇನೆ. 1924ರ ಆಮೇಲೆ ಶಿಕಾಗೊ ಫುಟ್‌ಬಾಲ್‌ನಲ್ಲಿ ಚಾಂಪಿಯನ್ ಆಗಲಿಲ್ಲ. 1929ರಲ್ಲಿ ರಾಬರ್ಟ್ ಹಚಿನ್ಸ್ ಎಂಬ ಮೂವತ್ತು ವರ್ಷದ ಹೊಸ ಅಧ್ಯಕ್ಷ ಬಂದರು. ಆಟದ ಹುಚ್ಚು ಅವರಿಗೆ ಹಿಡಿಸುತ್ತಿರಲಿಲ್ಲ. ಎಪ್ಪತ್ತಾಯಿತು, ನಿವೃತ್ತರಾಗಿ ಎಂದರು. ಬೇರೆ ಹುದ್ದೆ ಕೊಡುತ್ತೇವೆ ಎಂದರೂ ಸ್ಟ್ಯಾಗ್ ಒಪ್ಪಲಿಲ್ಲ. ಮೈದಾನ ಇಲ್ಲದ ಕುರ್ಚಿ ಅವರಿಗೆ ಬೇಕಿರಲಿಲ್ಲ. ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಊರಿನ ಕಾಲೇಜ್ ಆಫ್ ದ ಪೆಸಿಫಿಕ್ ಎಂಬ ಸಣ್ಣ ಕಾಲೇಜಿಗೆ ಹೋಗಿ ಹೊಸದಾಗಿ ಶುರುಮಾಡಿದರು.

1938ರಲ್ಲಿ ಆ ಸಣ್ಣ ಕಾಲೇಜಿನ ತಂಡ ಶಿಕಾಗೊಗೆ ಆಡಲು ಬಂತು. ಮೈದಾನದ ಹೆಸರು ಸ್ಟ್ಯಾಗ್ ಫೀಲ್ಡ್. ತಮ್ಮದೇ ಹೆಸರಿನ ಮೈದಾನದಲ್ಲಿ, ತಾವೇ ಕಟ್ಟಿದ ತಂಡದ ಎದುರು, 76 ವರ್ಷದ ಅಜ್ಜ ನಿಂತರು. 32–0. ಗೆದ್ದದ್ದು ಅಜ್ಜನ ತಂಡ. ಖುಷಿಯಾಯಿತೋ ಬೇಜಾರಾಯಿತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮರುವರ್ಷ ಮಿಷಿಗನ್ ಶಿಕಾಗೊವನ್ನು 85–0ರಿಂದ ಬಡಿಯಿತು. 1939ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯ ಫುಟ್‌ಬಾಲನ್ನೇ ನಿಲ್ಲಿಸಿತು. ಖಾಲಿ ಬಿದ್ದ ಆ ಮೈದಾನದ ಗ್ಯಾಲರಿ ಕೆಳಗಿನ ಒಂದು ಆಟದ ಅಂಕಣದಲ್ಲಿ, 1942ರ ಡಿಸೆಂಬರ್ 2ರಂದು, ಭೌತವಿಜ್ಞಾನಿ ಎನ್ರಿಕೊ ಫರ್ಮಿ ಮತ್ತು ಜೊತೆಗಾರರು ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಣಿ ಕ್ರಿಯೆ ನಡೆಸಿದರು. ಈಗ ಆ ಜಾಗದಲ್ಲಿ ದೊಡ್ಡ ಗ್ರಂಥಾಲಯ ಇದೆ.

ಮಾರನೆಯ ವರ್ಷ, 1943ರಲ್ಲಿ, 81ನೇ ವಯಸ್ಸಿನಲ್ಲಿ ಸ್ಟ್ಯಾಗ್ ಅವರನ್ನು ದೇಶದ ಕೋಚ್‌ಗಳೇ ಸೇರಿ ವರ್ಷದ ಕೋಚ್ ಎಂದು ಆರಿಸಿದರು. ಮುಂದೆ ಪೆನ್ಸಿಲ್ವೇನಿಯಾದಲ್ಲಿ ಮಗನ ಜೊತೆ ಸೇರಿ ಒಂದು ಕಾಲೇಜಿನ ತಂಡ ನೋಡಿಕೊಂಡರು. ಆಮೇಲೆ ಸ್ಟಾಕ್‌ಟನ್‌ಗೆ ವಾಪಸ್ಸಾಗಿ ಒಂದು ಜೂನಿಯರ್ ಕಾಲೇಜಿನ ಹುಡುಗರಿಗೆ ಚೆಂಡು ಒದೆಯುವುದು ಹೇಳಿಕೊಡುತ್ತಿದ್ದರು. ಅದನ್ನು ನಿಲ್ಲಿಸಿದಾಗ ಸುಮಾರು 98 ವಯಸ್ಸು. 1965ರ ಮಾರ್ಚ್ 17ರಂದು, 102ನೇ ವಯಸ್ಸಿನಲ್ಲಿ ಹೋದರು. ನಾನು 60ಕ್ಕೆ ನಿವೃತ್ತನಾದಾಗ ಕಾಲೇಜಿನಲ್ಲಿ ಹಾರ ಹಾಕಿ, 'ಇನ್ನು ಆರಾಮಾಗಿರಿ' ಅಂದಿದ್ದರು.

ನಮಗೆ ಇವರು ದೂರದವರಲ್ಲ ಅಂದಿದ್ದೆನಲ್ಲ. ಸ್ಟ್ಯಾಗ್ ಪಾಠ ಮಾಡಿದ, ನೈಸ್ಮಿತ್ ಬುಟ್ಟಿ ಕಟ್ಟಿದ ಆ ಸ್ಪ್ರಿಂಗ್‌ಫೀಲ್ಡ್ ಶಾಲೆಯಲ್ಲಿ ಮುಂದೆ ಹ್ಯಾರಿ ಕ್ರೋ ಬಕ್ ಎಂಬವರು ಕಲಿತರು. ಬಕ್ ಮದ್ರಾಸಿಗೆ ಬಂದು 1920ರಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಶಾಲೆ ಶುರುಮಾಡಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದ ಜೊತೆ ಬಕ್ ಇದ್ದರು. ಅಮೆರಿಕದ ಓಟಗಾರರ ಕೋಚ್‌ಗಳಲ್ಲಿ ಒಬ್ಬರಾಗಿ ಸ್ಟ್ಯಾಗ್ ಕೂಡ ಅಲ್ಲೇ ಇದ್ದರು. ಬಕ್ ಅವರ ಆ ಮದ್ರಾಸ್ ಕಾಲೇಜಿನಲ್ಲಿ ಕಲಿತು ಬಂದವರು ನನಗೆ ಹೈಸ್ಕೂಲಿನಲ್ಲಿ ಬಾಸ್ಕೆಟ್‌ಬಾಲ್ ಹಿಡಿಯುವುದು ಕಲಿಸಿದ ಮೇಷ್ಟ್ರು. ನಾವು ಅವರಿಗೆ ಹಿಂದಿನಿಂದ ಮದ್ರಾಸ್ ಮೇಷ್ಟ್ರು ಅನ್ನುತ್ತಿದ್ದೆವು. ಅವರಿಗೂ ಸ್ಟಾಫ್ ರೂಮಿನಲ್ಲಿ ಕುರ್ಚಿ ಇರಲಿಲ್ಲ. ಕಿಟಕಿ ಕಟ್ಟೆಯ ಮೇಲೆ ಕೂತು ಟೀ ಕುಡಿಯುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಈಗ ನನ್ನ ಕೋರಿಕೆ. ಜಾಹೀರಾತಿನಲ್ಲಿ ಹತ್ತು ತಿಂಗಳು ಎಂಬುದನ್ನು ತೆಗೆಯಿರಿ. ಇಂಗ್ಲಿಷ್, ಭೌತಶಾಸ್ತ್ರ ಕಲಿಸುವವರಿಗೆ ಏನು ಷರತ್ತೋ ಅದೇ ಷರತ್ತು ಹಾಕಿ. ಪದಕದ ಮಾತನ್ನು ತೆಗೆದು, ತಂಡದ ಎಷ್ಟು ಹುಡುಗರು, ಹುಡುಗಿಯರು ಡಿಗ್ರಿ ಮುಗಿಸಿದರು ಎಂದು ವರ್ಷಕ್ಕೊಮ್ಮೆ ಕೇಳಿ. ಆಟದ ನಿಧಿಯ ಲೆಕ್ಕವನ್ನು ಎಲ್ಲ ಅಧ್ಯಾಪಕರ ಮುಂದೆ ಇಡಿಸಿ. ಆಟದ ಪೀರಿಯಡ್ಡನ್ನು ಪರೀಕ್ಷೆಗೆ ಮುಂಚೆಯೂ ಆಟಕ್ಕೇ ಬಿಡಿ.

ಆ ಹತ್ತು ತಿಂಗಳ ಕೆಲಸಕ್ಕೆ ನನ್ನ ಹಳೆಯ ಶಿಷ್ಯನೊಬ್ಬ ಅರ್ಜಿ ಹಾಕಿದ್ದಾನೆ. ಒಳ್ಳೆಯ ಹುಡುಗ, ಕಬಡ್ಡಿ ಚೆನ್ನಾಗಿ ಕಲಿಸುತ್ತಾನೆ. ಸಂದರ್ಶನಕ್ಕೆ ಬಂದಾಗ ಎಷ್ಟು ಪದಕ ತರುತ್ತೀಯಾ ಎಂದು ಕೇಳಬೇಡಿ. ಮೊಣಕಾಲು ಊದಿದ ಹುಡುಗ ಫೈನಲ್ ಆಡುತ್ತೇನೆ ಅಂದರೆ ಏನು ಮಾಡುತ್ತೀಯಾ ಎಂದು ಕೇಳಿ. ಅವನು ಉತ್ತರ ಹೇಳಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತಾನೆ. ಮಾತು ಕಡಿಮೆ. ಕಾಯಿರಿ.

ಇಂತಿ ನಿಮ್ಮ,
ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರು